ಎಲೆಯ ಸಕ್ಕರೆಗೆ ಕೊನೆಗೂ ಫಿನಾಲ್ ವಿಧಾನವೇ ಸಾಕಾಯಿತು

ಎಚ್‌ಪಿಎಲ್‌ಸಿ (ಸಕ್ಕರೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ದುಬಾರಿ ಯಂತ್ರ) ಇಲ್ಲದೆ ಎಲೆಯ ಸಕ್ಕರೆ ಅಳೆದರೆ ಸಿಗೋದು ಬರೀ ಬಣ್ಣ, ಅಂಕಿ ಅಲ್ಲ ಅಂತ ಲ್ಯಾಬಿನಲ್ಲಿ ಎಲ್ಲರೂ ನಗುತ್ತಿದ್ದರು. ಈಗ ಅವರೇ ನನ್ನ ಸ್ಟ್ಯಾಂಡರ್ಡ್ ಕರ್ವ್, ಅಂದರೆ ಎಷ್ಟು ಸಕ್ಕರೆಗೆ ಎಷ್ಟು ಬಣ್ಣ ಅಂತ ತೋರಿಸೋ ಗ್ರಾಫ್, ಕೇಳಿಕೊಂಡು ಬರುತ್ತಾರೆ.

ಮೊದಲು ಹಿಡಿದದ್ದು ಡಿಎನ್‌ಎಸ್, ಗ್ಲೂಕೋಸ್‌ನಂಥ ಸಕ್ಕರೆಗಳ ಜೊತೆ ಬಣ್ಣ ಕೊಡುವ ರಾಸಾಯನಿಕ. ಅಗ್ಗ, ನಿಜ. ಆದರೆ ಸುಕ್ರೋಸ್ ಅದರ ಕಣ್ಣಿಗೆ ಬೀಳಲ್ಲ. ಆಸಿಡ್ ಹಾಕಿ ಒಡೆದು, ಮತ್ತೆ ಅಳೆದು, ಹಿಂದಿನದನ್ನು ಕಳೆದು 0.95ರಿಂದ ಗುಣಿಸಬೇಕು, ಅಷ್ಟಾದರೂ ಎಲೆಯಲ್ಲೇ ಇರುವ ಫಿನಾಲಿಕ್ ಎಂಬ ಸಂಯುಕ್ತಗಳು ನಡುವೆ ಬಂದು ಲೆಕ್ಕ ಕೆಡಿಸುತ್ತಿದ್ದವು. ಆಂಥ್ರೋನ್ (ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ ಬಳಸೋ ಇನ್ನೊಂದು ಬಣ್ಣದ ರಾಸಾಯನಿಕ) ಚೆನ್ನಾಗಿತ್ತು. ಆದರೆ ದಿನಾ ಹೊಸದಾಗಿ ಮಾಡಬೇಕು, ಉಳಿದದ್ದು ದಂಡ. ಆಸಿಡ್ ಬಾಟಲಿ ಖಾಲಿಯಾಗೋ ವೇಗ ನೋಡಿ ಬಿಲ್ ಪಾಸ್ ಮಾಡುವವರು ಮುಖ ಗಂಟು ಹಾಕಿಕೊಂಡರು. ಎನ್‌ಜೈಮ್ ಕಿಟ್ ಮಾತೆತ್ತುವ ಹಾಗೇ ಇರಲಿಲ್ಲ.

ಉಳಿದದ್ದು 1956ರ ಹಳೇ ಫಿನಾಲ್-ಸಲ್ಫ್ಯೂರಿಕ್ ವಿಧಾನ. ಸ್ಯಾಂಪಲ್ 1 ಮಿಲಿ, ಶೇ. 5ರ ಫಿನಾಲ್ 1 ಮಿಲಿ, ಆಸಿಡ್ 5 ಮಿಲಿ, ಹುಟ್ಟಿದ ಬಣ್ಣ ಎಷ್ಟು ಗಾಢ ಅಂತ ಮೀಟರ್‌ನಲ್ಲಿ ಓದುವುದು 490 ನ್ಯಾನೋಮೀಟರ್ ಬೆಳಕಿನಲ್ಲಿ. ಇದರಲ್ಲಿ ಆಟವೆಲ್ಲ ಆಸಿಡ್ ಸುರಿಯೋದರಲ್ಲಿದೆ. ಟ್ಯೂಬಿನ ಗೋಡೆಗುಂಟ ಮೆಲ್ಲಗೆ ಇಳಿಸಿದರೆ ಅದು ತಳದಲ್ಲಿ ಪದರವಾಗಿ ಕೂರುತ್ತದೆ, ಬೇಕಾದ ಬಿಸಿ ಹುಟ್ಟಲ್ಲ, ಒಂದೇ ಸ್ಯಾಂಪಲ್‌ನ ಮೂರು ರೆಪ್ಲಿಕೇಟ್ ಟ್ಯೂಬ್ ಮೂರು ದಾರಿ. ನೇರ ದ್ರವದ ಮೇಲೇ ಒಂದೇ ಧಾರೆಯಾಗಿ, ಬೇಗ ಬೀಳಬೇಕು (ಹೊಗೆ ಎಳೆಯುವ ಹುಡ್ ಒಳಗೆ, ಸುರಕ್ಷಾ ಕನ್ನಡಕ ಹಾಕಿಕೊಂಡು).

ಅದಾದ ಮೇಲೂ ಕೆಲವು ಬ್ಲಾಂಕ್ (ಸಕ್ಕರೆಯೇ ಹಾಕದ ಟ್ಯೂಬ್) ಕಿತ್ತಳೆ ಬಣ್ಣ! ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಕೂದಲಿಗಿಂತ ಸಣ್ಣ ನಾರು. ಟಿಶ್ಯೂ ಪೇಪರಿನದು. ಸೆಲ್ಯುಲೋಸ್ ಅಲ್ವಾ, ಆ ಆಸಿಡ್‌ನಲ್ಲಿ ಅದೂ ಸಕ್ಕರೆಯೇ. ಅವತ್ತಿಂದ ಟ್ಯೂಬ್ ಒಳಗೆ ಒರೆಸೋದು ಬಂದ್, ಬೋರಲು ಹಾಕಿ ಓವನ್‌ನಲ್ಲಿ ಒಣಗಿಸುತ್ತೇನೆ.

ಎಲೆಯನ್ನು ಕೊಯ್ದ ಕೂಡಲೇ ಶೇ. 80ರ ಬಿಸಿ ಎಥನಾಲ್‌ಗೆ ಹಾಕುತ್ತೇನೆ. ಆಮೇಲೆ ಎಥನಾಲ್ ಹಾರಿಸಿ, ನೀರಲ್ಲಿ ಕರಗಿಸಿ, ಕ್ಲೋರೋಫಾರ್ಮ್‌ನಿಂದ ಹಸಿರು ತೆಗೆಯೋದು. ಕೊನೇ ಚೂರು ಹಸಿರು ಹೋಗೋಕೆ ಇನ್ನೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗೊತ್ತಿರೋಷ್ಟು ಗ್ಲೂಕೋಸ್ ಬೆರೆಸಿ ಅಳೆದಾಗ ನೂರಕ್ಕೆ 95ರ ಆಸುಪಾಸು ವಾಪಸ್ ಬಂತು. ಎಚ್‌ಪಿಎಲ್‌ಸಿಯವರು ಸುಮ್ಮನಾಗಿದ್ದು ಆಗಲೇ. ಎಲ್ಲ ಸಕ್ಕರೆಯೂ ಒಂದೇ ಗಾಢ ಬಣ್ಣ ಕೊಡಲ್ಲ, ಹಾಗಾಗಿ ಅಂಕಿಯನ್ನು ಗ್ಲೂಕೋಸ್ ಲೆಕ್ಕದಲ್ಲೇ ಬರೆಯುತ್ತೇನೆ.

ನಡುವೆ ಸುಮ್ನೆ ಈರುಳ್ಳಿಗೂ ಕೈ ಹಾಕಿದೆ. ಅಯೋಡಿನ್ ಹಾಕಿದರೆ ನೀಲಿಯೇ ಇಲ್ಲ, ಫಿನಾಲ್‌ನಲ್ಲಿ ಮಾತ್ರ ರೀಡಿಂಗ್ ಸ್ಕೇಲ್ ದಾಟಿತು. ಈರುಳ್ಳಿ ಕೂಡಿಡೋದು ಅಯೋಡಿನ್‌ಗೆ ನೀಲಿಯಾಗೋ ಪಿಷ್ಟ ಅಲ್ಲ, ಫ್ರಕ್ಟಾನ್, ಅಂದರೆ ಫ್ರಕ್ಟೋಸ್ ಸಕ್ಕರೆಯ ಸರಪಳಿ. ಐವತ್ತು ಪಟ್ಟು ತೆಳು ಮಾಡಿದ ಮೇಲೆ ಕರ್ವ್ ಒಳಗೆ ಬಂತು. ಬೆಳ್ಳುಳ್ಳಿ ಅದಕ್ಕಿಂತ ಜಾಸ್ತಿ, ಇನ್ನೂ ಪಳಗಿಲ್ಲ.