ಎಂಜಿನ್‌ನಿಂದ ಶುರು ಮಾಡಿ ನೋಡಿದ ಎಚ್‌ಎಎಲ್ ಮ್ಯೂಸಿಯಂ

ವಿಮಾನದ ಮ್ಯೂಸಿಯಂಗೆ ಹೋದರೆ ಮೊದಲು ವಿಮಾನದ ಹತ್ತಿರ ಹೋಗಬೇಡಿ, ಎಂಜಿನ್ ಇಟ್ಟಿರುವ ಹಾಲ್‌ಗೆ ಹೋಗಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಲಾರಿ ಎಂಜಿನ್ ಕೆಲಸ ಮಾಡಿಕೊಂಡು ಬಂದವನು ನಾನು, ಹಾಗಾಗಿ ಎಂಜಿನ್ ಮೇಲೆ ನನಗೆ ಪ್ರೀತಿ ಜಾಸ್ತಿ ಅನ್ನಿ. ಆದರೆ ಅದಕ್ಕೇ ಈ ಮಾತು ಹೇಳುತ್ತಿಲ್ಲ. ಎಂಜಿನ್ ಗೊತ್ತಾದ ಮೇಲೆ ಹೊರಗೆ ನಿಂತಿರುವ ವಿಮಾನಗಳು ಬೇರೆಯೇ ಆಗಿ ಕಾಣುತ್ತವೆ.

ನಾನು ಹೋಗಿದ್ದು ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ. ಜೊತೆಗೆ ಅಕ್ಕನ ಮಗ ಇದ್ದ, ಚಳ್ಳಕೆರೆಯ ಹುಡುಗ, ಪಿಯುಸಿ ಓದುತ್ತಾನೆ. ರಾತ್ರಿ ರೈಲು ಹಿಡಿದು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು, ಮೆಟ್ರೊದಲ್ಲಿ ಬೈಯಪ್ಪನಹಳ್ಳಿ, ಅಲ್ಲಿಂದ ಆಟೊ. ಆಟೊ ಸುರಂಜನ್ ದಾಸ್ ರಸ್ತೆಯಲ್ಲೇ ಹೋಗುತ್ತದೆ. ಆ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಾಲ್‌ನಲ್ಲಿ ನಾವು ಬಹಳ ಹೊತ್ತು ನಿಂತಿದ್ದು ಆರ್ಫಿಯಸ್ ಎಂಬ ಜೆಟ್ ಎಂಜಿನ್ ಮುಂದೆ. ಲಾರಿಯ ಟರ್ಬೊ ಬಿಚ್ಚಿ ನೋಡಿದವರಿಗೆ ಜೆಟ್ ಎಂಜಿನ್ ಅರ್ಥ ಮಾಡಿಕೊಳ್ಳುವುದು ಕಷ್ಟವೇ ಅಲ್ಲ. ಟರ್ಬೊದಲ್ಲಿ ಸೈಲೆನ್ಸರ್ ಕಡೆ ಹೋಗುವ ಬಿಸಿ ಗಾಳಿ ಒಂದು ಚಕ್ರ ತಿರುಗಿಸುತ್ತದೆ, ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಇಲ್ಲಿಯೂ ಅದೇ ಕೆಲಸ. ಆರ್ಫಿಯಸ್‌ನಲ್ಲಿ ಮುಂದೆ 7 ಸಾಲು ಬ್ಲೇಡ್‌ಗಳು ಗಾಳಿಯನ್ನು ಒತ್ತುತ್ತವೆ, ನಡುವೆ ಇಂಧನ ಉರಿಯುತ್ತದೆ, ಹಿಂದಿನ ಒಂದು ಸಾಲು ಬ್ಲೇಡ್ ಆ ಬಿಸಿ ಗಾಳಿಯಿಂದ ತಿರುಗಿ ಮುಂದಿನ 7 ಸಾಲನ್ನೂ ಓಡಿಸುತ್ತದೆ, ಉಳಿದ ಗಾಳಿ ಹಿಂದಿನಿಂದ ಜೋರಾಗಿ ನುಗ್ಗುವಾಗ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ನಮ್ಮ ಡೀಸೆಲ್ ಎಂಜಿನ್‌ನಲ್ಲಿ ಎಳೆಯುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಎಲ್ಲಾ ಒಂದೇ ಸಿಲಿಂಡರ್‌ನಲ್ಲಿ ಒಂದಾದ ಮೇಲೆ ಒಂದು ನಡೆಯುತ್ತವೆ. ಜೆಟ್‌ನಲ್ಲಿ ನಾಲ್ಕೂ ಬೇರೆ ಬೇರೆ ಜಾಗದಲ್ಲಿ, ಒಂದೇ ಸಮಯಕ್ಕೆ, ಬಿಡದೆ ನಡೆಯುತ್ತಿರುತ್ತವೆ. ಹುಡುಗನಿಗೆ ಇಷ್ಟು ಹೇಳಿದ ಮೇಲೆ ಅವನೇ ಬೇರೆ ಎಂಜಿನ್‌ಗಳ ಹತ್ತಿರ ಹೋಗಿ ಯಾವುದು ಒತ್ತುವ ಕಡೆ, ಯಾವುದು ಉರಿಯುವ ಕಡೆ ಅಂತ ಬೆರಳು ತೋರಿಸಿ ಹೇಳತೊಡಗಿದ.

ಆಮೇಲೆ ಹೊರಗೆ ಬಂದೆವು. ಅಂಗಳದಲ್ಲಿ ಅಜೀತ್ ಇದೆ, ಮಾರುತ್ ಇದೆ, ಎರಡೂ ಎಚ್‌ಎಎಲ್ ತಯಾರಿಸಿದ ಯುದ್ಧ ವಿಮಾನಗಳು. ಎರಡನ್ನೂ ಹಾರಿಸಿದ್ದು ಆರ್ಫಿಯಸ್ ಎಂಜಿನ್ನೇ. ಅಜೀತ್ ಪುಟ್ಟ ವಿಮಾನ, ಪೂರ್ತಿ ಲೋಡ್ ಆದರೂ ಸುಮಾರು 4 ಟನ್, ಅದಕ್ಕೆ ಒಂದು ಎಂಜಿನ್. ಮಾರುತ್ ಪೂರ್ತಿ ಲೋಡ್ ಆದರೆ 10 ಟನ್ ದಾಟುತ್ತದೆ, ಅದಕ್ಕೆ ಎರಡು. ಈ ಲೆಕ್ಕ ನೋಡಿದರೆ ನಮ್ಮಂಥ ಮೆಕ್ಯಾನಿಕ್‌ಗೆ ಬೇರೆ ಹೇಳಬೇಕಿಲ್ಲ, ಮಾರುತ್‌ಗೆ ಬಲ ಸಾಲದು, ಗಾಡಿ ಎಳೆಯುವುದಿಲ್ಲ.

ಮಾರುತ್ ಮುಂದೆ ನಿಂತರೆ ಹೊಟ್ಟೆ ಉರಿಯುತ್ತದೆ. ಅಷ್ಟು ಚಂದದ ವಿಮಾನ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ವಿನ್ಯಾಸ ಮಾಡಿದ್ದು ಜರ್ಮನ್ ಎಂಜಿನಿಯರ್ ಕರ್ಟ್ ಟ್ಯಾಂಕ್ ಮತ್ತು ನಮ್ಮ ಎಚ್‌ಎಎಲ್ ಎಂಜಿನಿಯರ್‌ಗಳು. 1961ರ ಜೂನ್ 17ರಂದು ಬೆಂಗಳೂರಿನಲ್ಲೇ ಮೊದಲ ಸಲ ಹಾರಿತು. ಹಾರಿಸಿದ್ದು ಸುರಂಜನ್ ದಾಸ್. ಶಬ್ದಕ್ಕಿಂತ ವೇಗವಾಗಿ ಹೋಗಲಿ ಅಂತಲೇ ಇದರ ಮೈಕಟ್ಟು ಮಾಡಿದ್ದರು. ಅದಕ್ಕೆ ತಕ್ಕ ಎಂಜಿನ್ ಆಗಿ ಆರ್ಫಿಯಸ್ 12 ಬರಬೇಕಿತ್ತು, ಬರಲಿಲ್ಲ. ಇದ್ದ ಎಂಜಿನ್‌ನಲ್ಲೇ ಹಾರಿಸಬೇಕಾಯಿತು. ಬಲ ಹೆಚ್ಚಿಸಲು ಆಫ್ಟರ್‌ಬರ್ನರ್, ಅಂದರೆ ಹಿಂದೆ ಹೋಗುವ ಬಿಸಿ ಗಾಳಿಯಲ್ಲಿ ಇನ್ನಷ್ಟು ಇಂಧನ ಉರಿಸುವ ಭಾಗ, ಜೋಡಿಸಿದ ಮಾರುತ್ ಪರೀಕ್ಷೆ ಮಾಡುತ್ತಿದ್ದಾಗ 1970ರಲ್ಲಿ ಅದೇ ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಬೆಳಗ್ಗೆ ಆಟೊದಲ್ಲಿ ಬಂದ ರಸ್ತೆ ಅವರದ್ದೇ ಅಂತ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರುತ್ ಸೋತ ವಿಮಾನ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ, ನಾನು ಒಪ್ಪುವುದಿಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಇದು ಕೆಲಸ ಮಾಡಿದೆ, ಒಂದು ಎಂಜಿನ್‌ಗೆ ಏಟು ಬಿದ್ದರೂ ಇನ್ನೊಂದರ ಮೇಲೆ ವಾಪಸ್ ಬಂದಿದೆ. ಗಾಡಿ ಚೆನ್ನಾಗಿತ್ತು, ಎಂಜಿನ್ ಸಿಗಲಿಲ್ಲ, ಅಷ್ಟೇ.

ಮರದ ನೆರಳಲ್ಲಿ ಕೂತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಮಧ್ಯಾಹ್ನ ಎಚ್‌ಟಿ-2 ನೋಡಿದೆವು. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರೇ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ತರಬೇತಿ ವಿಮಾನ ಅದು. ಅದರ ಎಂಜಿನ್ ನಾಲ್ಕು ಸಿಲಿಂಡರ್‌ನದ್ದು, ಆದರೆ ತಲೆಕೆಳಗು. ಕ್ರ್ಯಾಂಕ್ ಮೇಲೆ, ಸಿಲಿಂಡರ್‌ಗಳು ಕೆಳಗೆ. ಹೀಗೆ ಮಾಡಿದರೆ ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರುತ್ತದೆ, ಪೈಲಟ್‌ಗೆ ಮುಂದಿನದು ಅಡ್ಡ ಇಲ್ಲದೆ ಕಾಣುತ್ತದೆ. ಒಂದೊಂದು ಸಿಲಿಂಡರ್‌ಗೆ ಎರಡೆರಡು ಪ್ಲಗ್. ಒಂದು ಕೈ ಕೊಟ್ಟರೆ ಇನ್ನೊಂದು ಇರಲಿ ಅಂತ. ರಸ್ತೆಯಲ್ಲಾದರೆ ಗಾಡಿ ಪಕ್ಕಕ್ಕೆ ಹಾಕಿ ಫೋನ್ ಮಾಡಬಹುದು, ಮೇಲೆ ಹಾಗಾಗುವುದಿಲ್ಲ ಅಲ್ವಾ.

ಪೈಲಟ್ ಇಲ್ಲದೆ ಹಾರುವ ಲಕ್ಷ್ಯದ ಹತ್ತಿರ ಬಂದಾಗ ಹುಡುಗ ಕೇಳಿದ, "ಮಾವ, ನಮ್ಮ ಚಳ್ಳಕೆರೆ ಕಡೆ ಹಾರುತ್ತಲ್ಲ, ಅದಕ್ಕೂ ಇಂಥ ಜೆಟ್ಟೇನಾ?" ಅವನು ಕೇಳಿದ್ದು ಡಿಆರ್‌ಡಿಒ ಪರೀಕ್ಷಾ ಕೇಂದ್ರದಿಂದ ಹಾರಿಸಿದ್ದ ತಪಸ್ ಎಂಬ ಪೈಲಟ್ ಇಲ್ಲದ ವಿಮಾನದ ಬಗ್ಗೆ. ಲಕ್ಷ್ಯಕ್ಕೆ ಎಚ್‌ಎಎಲ್ ತಾನೇ ವಿನ್ಯಾಸ ಮಾಡಿದ ಪಿಟಿಎಇ-7 ಎಂಬ ಚಿಕ್ಕ ಜೆಟ್ ಇದೆ. ತಪಸ್‌ಗೆ ಮಾತ್ರ ಆಸ್ಟ್ರಿಯಾದ ಡೀಸೆಲ್ ಎಂಜಿನ್ ಹಾಕಿದ್ದರು, ಎರಡು, ಮೂಲದಲ್ಲಿ ಅದು ಬೆಂಜ್ ಕಾರಿನ ಎಂಜಿನ್. ಕಾಮನ್ ರೈಲ್, ಟರ್ಬೊ, ಎಲ್ಲಾ ಇದೆ. "ಹಂಗಾದ್ರೆ ನೀನೂ ಬಿಚ್ಚಬಹುದು" ಅಂದ. ಬಿಚ್ಚಬಹುದು, ಆದರೆ ಬಿಡುವುದಿಲ್ಲ ಅಂದೆ.

ಮುಂದಿನ ಸಲ ಗ್ಯಾರೇಜಿನ ಹುಡುಗರನ್ನು ಕರೆದುಕೊಂಡು ಹೋಗುತ್ತೇನೆ. ಅವರು ಬ್ರೇಕ್, ಹೈಡ್ರಾಲಿಕ್ ಕೆಲಸದವರು. ಅವರ ಜೊತೆ ಎಂಜಿನ್ ಹಾಲ್‌ನಿಂದ ಅಲ್ಲ, ಕ್ಯಾನ್‌ಬೆರಾ ವಿಮಾನದ ಚಕ್ರದ ಹತ್ತಿರದಿಂದ ಶುರು ಮಾಡಬೇಕು ಅಂತಿದ್ದೇನೆ.