ಆಯೇರಿಗೊಂದು ನೀಲಿ ಗಿಣಿ

ನಮ್ಮ ಕಡೆ ಮದುವೆ, ಕುಬಸ, ತೊಟ್ಟಿಲು ಯಾವ ಕಾರ್ಯವೇ ಇರಲಿ, ಆಯೇರಿ, ಅಂದರೆ ಉಡುಗೊರೆ, ಸ್ಟೀಲ್ ಡಬ್ಬಿ, ಇಲ್ಲದಿದ್ದರೆ ಗೋಡೆ ಗಡಿಯಾರ. ಒಂದೇ ಮನೆಗೆ ಐದು ಗಡಿಯಾರ ಬಂದದ್ದನ್ನು ನಾನೇ ನೋಡಿದ್ದೇನೆ. ಅದರಲ್ಲಿ ನಾಲ್ಕು ಮುಂದಿನ ಮದುವೆಗಳಿಗೆ ಹೋದವು. ಅದಕ್ಕೇ ಈಚೆಗೆ ನಾನು ಗಿಣಿ ಕೊಡುತ್ತೇನೆ. ಬಾಗಿಲಿಗೋ ಕಿಟಕಿಗೋ ತೂಗುಬಿಡುವ, ಅಂಗೈಯಷ್ಟು ದೊಡ್ಡ, ಜೀನ್ಸ್ ಬಟ್ಟೆಯ ಗಿಣಿ. ನೀಲಿ ಗಿಣಿ ಎಲ್ಲಿರುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಬಳ್ಳಾರಿಯಲ್ಲಿ ಇರುತ್ತದೆ ಅನ್ನಿ, ಅಷ್ಟೇ.

ಈ ಊರಲ್ಲಿ ಜೀನ್ಸ್ ಚಿಂದಿಗೆ ಬರವಿಲ್ಲ. ಪ್ಯಾಂಟ್ ಹೊಲಿಯುವವರ ಪರಿಚಯ ಇದ್ದರೆ ಕಟಿಂಗ್ ಆಗಿ ಉಳಿದ ಚೂರು ಕೇಳಿ ತನ್ನಿ. ಇಲ್ಲವೇ ಮನೆಯ ಹಳೇ ಪ್ಯಾಂಟಿನ ಮೊಣಕಾಲಿನ ಕೆಳಗಿನ ಭಾಗ ಸಾಕು. ಅಲ್ಲಿ ಬಟ್ಟೆ ಅಷ್ಟಾಗಿ ಸವೆದಿರುವುದಿಲ್ಲ. ಇದರ ಜೊತೆಗೆ ಬೇಕಾದದ್ದು ಎರಡು ಸೆಂಟಿಮೀಟರ್ ಅಗಲದ ದುಂಡು ಕನ್ನಡಿ ಎರಡು, ಕಸೂತಿ ದಾರ, ದೊಡ್ಡ ಕಣ್ಣಿನ ಸೂಜಿ, ಮೂರು ಕವಡೆ, ಎರಡು ಕರಿಮಣಿ, ಕೆಂಪು ಖಣದ ಒಂದು ಚೂರು, ಒಂದು ಹಿಡಿ ಹತ್ತಿ. ಗಾದಿ ಅಂಗಡಿಯಲ್ಲಿ ಹಿಂಜಿದ ಹತ್ತಿ ಸಿಗುತ್ತದೆ. ರಾಯಚೂರು ಕಡೆಯವರು ಹೊಲದ ಹತ್ತಿಯನ್ನೇ ತುಂಬಬಹುದು, ಆದರೆ ಒಂದೂ ಬೀಜ ಉಳಿಯಬಾರದು.

ಅಂಟಿನ ಡಬ್ಬಿ ಮಾತ್ರ ಬೇಡ. ನನ್ನ ಮೊದಲ ಗಿಣಿಗೆ ಕನ್ನಡಿಗಳನ್ನು ಅಂಟಿಸಿ, ಬಿಸಿಲು ಬೀಳುವ ಬಾಗಿಲಿಗೆ ತೂಗುಬಿಟ್ಟಿದ್ದೆ. ಶಿವರಾತ್ರಿಗೆ ಕಟ್ಟಿದ್ದು, ಯುಗಾದಿಗೆ ಕನ್ನಡಿಗಳು ಹೊಸ್ತಿಲ ಮೇಲೆ ಬಿದ್ದಿದ್ದವು. ನಮ್ಮ ಬೇಸಿಗೆಗೆ ಹೊಲಿಗೆಯೇ ಸರಿ.

ಮೊದಲು ಬಟ್ಟೆಯನ್ನು ಬೇರೆಯಾಗಿ ತೊಳೆದು ಒಣಗಿಸಿ. ಹೊಸ ಜೀನ್ಸ್ ಬಣ್ಣ ಬಿಡುತ್ತದೆ, ಪಕ್ಕದ ಖಣವನ್ನೂ ಕೆಡಿಸುತ್ತದೆ. ಆಮೇಲೆ ರಟ್ಟಿನ ಮೇಲೆ ಗಿಣಿಯ ಆಕಾರ ಬರೆಯಿರಿ. ಹನ್ನೆರಡು ಸೆಂಟಿಮೀಟರ್ ಉದ್ದ, ಏಳು ಸೆಂಟಿಮೀಟರ್ ಅಗಲ. ಚಿತ್ರ ಬರೆಯಲು ಬಾರದವರು ಮಾವಿನಕಾಯಿ ಬರೆದರೂ ಆಯಿತು, ಕೊಕ್ಕು ರೆಕ್ಕೆ ಬಂದ ಮೇಲೆ ಅದು ತಾನಾಗಿ ಗಿಣಿಯಾಗುತ್ತದೆ. ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಎರಡು ತುಂಡು ಕತ್ತರಿಸಿ. ಒಂದು ಎಡಕ್ಕೆ ನೋಡಬೇಕು, ಇನ್ನೊಂದು ಬಲಕ್ಕೆ. ಇದನ್ನು ಮರೆತು ನಾನು ಎಷ್ಟು ಬಟ್ಟೆ ಹಾಳು ಮಾಡಿದ್ದೇನೋ!

ರೆಕ್ಕೆಗೆ ಬೇರೆ ಬಣ್ಣದ ಬಟ್ಟೆ ಹುಡುಕಬೇಡಿ. ಜೀನ್ಸ್ ನೇಯುವಾಗ ಉದ್ದದ ನೂಲು ನೀಲಿ, ಅಡ್ಡದ ನೂಲು ಬಿಳಿ. ಅದಕ್ಕೇ ಅದರ ಉಲ್ಟಾ ಮಗ್ಗುಲು ತಿಳಿ ಬಣ್ಣ. ಆ ಮಗ್ಗುಲನ್ನೇ ಮೇಲೆ ಮಾಡಿ ರೆಕ್ಕೆ ಕತ್ತರಿಸಿ. ಬಾಲಕ್ಕೂ ಇದೇ ಉಪಾಯ. ನೀಲಿ ನೂಲಿನ ಉದ್ದಕ್ಕೆ ಎರಡು ಬೆರಳಗಲದ ಪಟ್ಟಿ ತೆಗೆದುಕೊಳ್ಳಿ. ಸೂಜಿ ತುದಿಯಿಂದ ಅಡ್ಡದ ಬಿಳಿ ನೂಲನ್ನು ಒಂದೊಂದಾಗಿ ಎಳೆದುಬಿಡಿ. ನೀಲಿ ಕುಚ್ಚು ಉಳಿಯುತ್ತದೆ.

ಇನ್ನು ಕನ್ನಡಿ. ಈ ಕೆಲಸದಲ್ಲಿ ನಮ್ಮ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಅವರ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಕಸುಬು ಎಂಬ ಸರ್ಕಾರಿ ಗುರುತು, ಇದೆ. 2023ರ ಜುಲೈನಲ್ಲಿ ಜಿ20 ಸಭೆಯ ಹೊತ್ತಿಗೆ ಹಂಪಿಯಲ್ಲಿ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದರು. ನಮ್ಮದು ಅವರ ಕೈಗೆ ಸಮ ಆಗುವುದಿಲ್ಲ. ಆದರೆ ಒಂದು ಕನ್ನಡಿ ಕೂರಿಸುವಷ್ಟು ಕಲಿಯಬಹುದು.

ಗಾಜಿನ ಕನ್ನಡಿಗೆ ತೂತು ಇರುವುದಿಲ್ಲ, ದಾರವೇ ಅದನ್ನು ಹಿಡಿದುಕೊಳ್ಳಬೇಕು. ಅಂಚು ಚೂಪಾಗಿದ್ದರೆ ದಾರ ಕತ್ತರಿಸುತ್ತದೆ. ಅದಕ್ಕೆ ಒದ್ದೆ ಕಲ್ಲಿನ ಮೇಲೆ ಒಮ್ಮೆ ತಿಕ್ಕಿಕೊಳ್ಳಿ. ಕನ್ನಡಿಯನ್ನು ಬಟ್ಟೆಯ ಮೇಲಿಟ್ಟು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಅಂಚಿಗೆ ತೀರಾ ಹತ್ತಿರ ಸೂಜಿಯನ್ನು ಮೇಲೆತ್ತಿ, ಕನ್ನಡಿಯ ಮೇಲೆ ದಾರ ಹಾಯಿಸಿ, ಆಚೆ ಅಂಚಿನಲ್ಲಿ ಕೆಳಗಿಳಿಸಿ. ಸ್ವಲ್ಪ ಪಕ್ಕದಲ್ಲಿ ಇನ್ನೊಂದು ಎಳೆ. ಈಗ ಅಡ್ಡಕ್ಕೆ ಎರಡು ಎಳೆ ಹಾಕಬೇಕು. ಅಡ್ಡ ಎಳೆ ಉದ್ದ ಎಳೆಯನ್ನು ದಾಟುವ ಕಡೆ ಒಂದೊಂದು ಸುತ್ತು ಹಾಕಿ ಮುಂದೆ ಹೋಗಿ. ನಡುವೆ ಪುಟ್ಟ ಚೌಕ ಕಾಣುತ್ತದೆ. ಈ ನಾಲ್ಕು ಎಳೆ ಸಡಿಲಾಗಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಬೆರಳಿನಿಂದ ಮೀಟಿದರೆ ಬಿಗಿ ಅನ್ನಿಸಬೇಕು.

ಚೌಕ ಆದ ಮೇಲೆ ಸುತ್ತು ಹೊಲಿಗೆ. ಅಂಚಿನಿಂದ ಸೂಜಿ ಮೇಲೆತ್ತಿ. ಚೌಕದ ಒಳಗಿನಿಂದ ಎಳೆಯ ಅಡಿಗೆ ತೂರಿಸಿ ಹೊರಕ್ಕೆ ತನ್ನಿ. ದಾರ ಸೂಜಿಯ ಕೆಳಗಿರಲಿ, ಅಂಗಿಯ ಗುಂಡಿ ತೂತಿಗೆ ಕಾಜಾ ಹಾಕುತ್ತೀರಲ್ಲ, ಹಾಗೆ. ಎಳೆಯಿರಿ. ಮತ್ತೆ ಕನ್ನಡಿಯ ಅಂಚಿಗೆ ಬಟ್ಟೆಯಲ್ಲಿ ಒಂದು ಸಣ್ಣ ಹೊಲಿಗೆ, ಅದೂ ಕಾಜಾದಂತೆಯೇ. ಒಂದು ಎಳೆಗೆ, ಒಂದು ಬಟ್ಟೆಗೆ. ಹೀಗೆ ಸುತ್ತು ಬರುತ್ತಾ ಹೋದಂತೆ ಚೌಕ ಹಿಗ್ಗಿ ದುಂಡಗಾಗುತ್ತದೆ, ಕನ್ನಡಿಗೆ ದಾರದ ಕಟ್ಟು ಬೀಳುತ್ತದೆ. ಮೊದಲ ಕನ್ನಡಿಗೆ ಅರ್ಧ ತಾಸು ಹಿಡಿದರೆ ಬೇಜಾರಾಗಬೇಡಿ. ಎರಡನೆಯದು ಬೇಗ ಆಗುತ್ತದೆ. ದಾರದ ಆರು ಎಳೆಯಲ್ಲಿ ಮೂರು ಮಾತ್ರ ತೆಗೆದುಕೊಳ್ಳಿ, ಅರ್ಧ ಮೀಟರಿಗಿಂತ ಜಾಸ್ತಿ ಉದ್ದ ಬೇಡ. ಸುಮ್ನೆ ಗಂಟಾಗುತ್ತದೆ.

ಎರಡೂ ತುಂಡಿಗೆ ಕನ್ನಡಿ ಕೂತ ಮೇಲೆ ರೆಕ್ಕೆಗಳನ್ನು ಕೌದಿ ಹೊಲಿಗೆಯಲ್ಲಿ ಹೊಲಿದುಬಿಡಿ, ಸಣ್ಣ ಸಣ್ಣದಾಗಿ, ಸಾಲು ಸಾಲಾಗಿ. ಅಜ್ಜಿಯ ಹತ್ತಿರ ಕೂತು ಕೌದಿ ಹೊಲಿದವರಿಗೆ ಇದನ್ನು ಹೇಳಿಕೊಡುವುದೇ ಬೇಡ ಅಲ್ವಾ? ಆಮೇಲೆ ಸೀದಾ ಮಗ್ಗುಲು ಒಳಗೆ ಬರುವಂತೆ ಎರಡು ತುಂಡು ಜೋಡಿಸಿ. ಕೆಂಪು ಖಣವನ್ನು ತ್ರಿಕೋನವಾಗಿ ಮಡಚಿ ಕೊಕ್ಕಿನ ಜಾಗದಲ್ಲಿ, ಕುಚ್ಚನ್ನು ಬಾಲದ ಜಾಗದಲ್ಲಿ, ತೂಗುಹಾಕುವ ದಾರದ ಕುಣಿಕೆಯನ್ನು ನೆತ್ತಿಯಲ್ಲಿ, ಮೂರನ್ನೂ ಒಳಮುಖವಾಗಿ ಇಡಿ. ಕುಣಿಕೆ ನೆತ್ತಿಗೇ ಬರಲಿ. ನಾನೊಮ್ಮೆ ಬೆನ್ನಿಗೆ ಹಾಕಿದ್ದೆ, ಗಿಣಿ ಬಾವಲಿಯ ಹಾಗೆ ತಲೆ ಕೆಳಗಾಗಿ ತೂಗಿತು.

ಸುತ್ತ ಹೊಲಿದು ಹೊಟ್ಟೆಯ ಕಡೆ ಮೂರು ಬೆರಳಗಲ ಬಿಡಿ. ಪದರ ಜಾಸ್ತಿ ಇರುವ ಕಡೆ ಸೂಜಿ ಮುರಿಯಬಹುದು. ಸೂಜಿಯನ್ನು ಸೋಪಿಗೆ ಉಜ್ಜಿಕೊಂಡರೆ ಸಲೀಸಾಗಿ ಇಳಿಯುತ್ತದೆ. ಬಾಗಿದ ಕಡೆಗಳಲ್ಲಿ, ಹೊಲಿಗೆಗೆ ತಾಗದಂತೆ, ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕಿ ಮಗುಚಿ. ಮೂಲೆಗಳನ್ನು ಹೊರದಬ್ಬಲು ಪೆನ್ನಿನ ಹಿಂಬದಿ ಸಾಕು. ಹತ್ತಿಯನ್ನು ಚೂರು ಚೂರೇ ತಲೆಯಿಂದ ತುಂಬುತ್ತಾ ಬನ್ನಿ. ಒಟ್ಟಿಗೆ ತುರುಕಿದರೆ ಗಿಣಿಗೆ ಗಂಟು ಬಂದಂತೆ ಕಾಣುತ್ತದೆ. ಹೊಟ್ಟೆಯ ಕಡೆ ಬಿಟ್ಟ ಬಾಯಿಯನ್ನು ಹೊಲಿದು ಮುಚ್ಚಿ, ಕಣ್ಣಿಗೆ ಕರಿಮಣಿ ಹೊಲಿಯಿರಿ.

ಕವಡೆಯ ಉಬ್ಬಿದ ಬೆನ್ನನ್ನು ಕಲ್ಲಿನ ಮೇಲೆ ತಿಕ್ಕಿದರೆ ತೂತು ಬೀಳುತ್ತದೆ. ಆ ತೂತಿನಿಂದ ದಾರ ಹಾಕಿ, ಹಲ್ಲಿನಂತಿರುವ ಸೀಳಿನಿಂದ ಹೊರತಂದು ಬಾಲದ ಬುಡಕ್ಕೆ ಮೂರನ್ನೂ ಕಟ್ಟಿ. ಗಾಳಿಗೆ ಕಟಕಟ ಅನ್ನುತ್ತವೆ. ತೊಟ್ಟಿಲಿಗೆ ಕೊಡುವ ಗಿಣಿಗೆ ಮಾತ್ರ ಕನ್ನಡಿ, ಕವಡೆ, ಮಣಿ ಯಾವುದೂ ಬೇಡ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕಣ್ಣನ್ನೂ ದಾರದಲ್ಲೇ ಹೊಲಿಯಿರಿ. ತೂಗುವ ದಾರ ಗಿಡ್ಡಗಿರಲಿ, ಗಿಣಿ ಕೂಸಿನ ಕೈಗೆ ಎಟುಕದಷ್ಟು ಮೇಲಿರಲಿ.

ಕೊನೆಗೆ ಹೆಸರು. ಆಯೇರಿ ಪಾತ್ರೆಯ ಮೇಲೆ ಹೆಸರು ಕೊರೆಸುತ್ತೇವಲ್ಲ, ಗಿಣಿಗೂ ರೆಕ್ಕೆಯ ಕೆಳಗೆ ನಿಮ್ಮ ಹೆಸರಿನ ಎರಡಕ್ಷರ ಇರಲಿ. ನಮ್ಮ ಅಕ್ಷರ ದುಂಡಗಿರುವುದರಿಂದ ಸರಪಳಿ ಹೊಲಿಗೆ ಚೆನ್ನಾಗಿ ಹೊಂದುತ್ತದೆ. ಹೆಸರಲ್ಲಿ ಒತ್ತಕ್ಷರ ಇರುವವರು ಮಾತ್ರ ಸ್ವಲ್ಪ ಸಣ್ಣ ಸೂಜಿ ಹುಡುಕಿಕೊಳ್ಳಬೇಕು.