ಅವಿರೋಧದ ವಾರ್ಡಿನಲ್ಲಿ ಓಟು ನಡೆಸಿದ ನನ್ನ ಅನುಭವ

2020ರ ಡಿಸೆಂಬರ್ 19, ಮಧ್ಯಾಹ್ನ 3 ಗಂಟೆ. ನಾಮಪತ್ರ ವಾಪಸ್ ಪಡೆಯುವ ಸಮಯ ಮುಗಿಯಿತು. ನಮ್ಮ ವಾರ್ಡಿನ ಎರಡು ಸೀಟಿಗೆ ಐದು ಜನ ಉಳಿದಿದ್ದರು. ಹಿಂದಿನ ಎರಡು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇಲ್ಲಿ ಓಟೇ ನಡೆದಿರಲಿಲ್ಲ. "ನಿನ್ನ ಕೈಲಿ ಆಗಲ್ಲ ಬಿಡೋ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಅದಕ್ಕೇ ಈ ಬರಹ.

2010ರಲ್ಲಿ ಹಿರಿಯರು ಗುಡಿ ಕಟ್ಟೆ ಮೇಲೆ ಕೂತು ಎರಡು ಹೆಸರು ಹೇಳಿದರು. ಆ ಹೆಸರಿನವರಲ್ಲಿ ಒಬ್ಬರು ಗುಡಿ ಗೋಪುರಕ್ಕೆ ದುಡ್ಡು ಕೊಡಲು ಒಪ್ಪಿದರು. ಊರಿನ ಒಗ್ಗಟ್ಟು ಅಂತ ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಚರಂಡಿ ಕೇಳಲು ಹೋದಾಗ "ನಿನ್ನ ಓಟಿಂದ ಗೆದ್ದಿದ್ದೀನಾ?" ಅನ್ನುವ ಉತ್ತರ ಸಿಕ್ಕಿತು. ಮಾತು ನಿಜವೇ, ಅಲ್ವಾ?

2015ರಲ್ಲಿ ಇಬ್ಬರನ್ನು ನಿಲ್ಲಿಸಿದೆ. ಒಬ್ಬನ ಸೂಚಕ, ಅಂದರೆ ಅವನ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕಿದವನು, ಪಕ್ಕದ ವಾರ್ಡಿನ ಮತದಾರ. ಪರಿಶೀಲನೆಯಲ್ಲೇ ನಾಮಪತ್ರ ಬಿದ್ದುಹೋಯಿತು. ತಪ್ಪು ನನ್ನದೇ, ಮತದಾರರ ಪಟ್ಟಿ ನೋಡಿರಲಿಲ್ಲ. ಇನ್ನೊಬ್ಬನನ್ನು ಕೊನೇ ದಿನ ಅವನ ಸೋದರಮಾವನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ವಾಪಸ್ ತೆಗೆಸಿದ. ಠೇವಣಿ ತಿರುಗಿ ಬಂತು. ಓಡಾಟ, ಕರಪತ್ರ ಅಂತ ಸುಮಾರು ಆರು ಸಾವಿರ ಹೋಯಿತು. ಆ ಕರಪತ್ರದಲ್ಲಿ ವರ್ಷವಿಡೀ ನಮ್ಮ ಬೀದಿ ಅಂಗಡಿಯವರು ಕಡಲೆಕಾಯಿ ಕಟ್ಟಿಕೊಟ್ಟರು.

ಆಗ ಬುದ್ಧಿ ಬಂತು. ಒಬ್ಬನೇ ಎದುರಾಳಿ ಇದ್ದರೆ ಹಿರಿಯರು ಒಲಿಸಬೇಕಾದ್ದೂ ಒಬ್ಬನನ್ನೇ. ಒತ್ತಡ ಪಕ್ಷದಿಂದ ಬರೋದಿಲ್ಲ, ಇಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಬರೋದು ಬೀಗರಿಂದ, ಸಾಲ ಕೊಟ್ಟವರಿಂದ. ಹಾಗಾಗಿ 2020ರಲ್ಲಿ ಬೇರೆ ಬೇರೆ ಮನೆತನದ ಮೂವರನ್ನು ಹುಡುಕಿದೆ. ಮೊದಲ ಪ್ರಶ್ನೆಯೇ, "ಯಾರ ಹತ್ರ ಎಷ್ಟು ಸಾಲ ಇದೆ?"

ಮಹಿಳಾ ಸೀಟಿಗೆ ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಒಪ್ಪಿದರು. ಅವರನ್ನು ಯಾರೂ ಕೇಳೋದಿಲ್ಲ, ಗಂಡನನ್ನೇ ಹಿಡಿಯುತ್ತಾರೆ ಅಂತ ಗೊತ್ತಿತ್ತು. ಆತನಿಗೆ ಒಂದೇ ಮಾತು ಕಲಿಸಿದ್ದೆ. ಹಿರಿಯರು ರಾತ್ರಿ ಹತ್ತಕ್ಕೆ ಬಂದು ಜಗಲಿ ಮೇಲೆ ಕೂತಾಗ ಆತ ಮಜ್ಜಿಗೆ ಕೊಟ್ಟು, "ಸಹಿ ಅವಳದು ಗೌಡ್ರೆ, ಅವಳನ್ನೇ ಕೇಳಿ" ಅಂದ. ಒಳಗೆ ಹೊಲಿಗೆ ಮೆಷಿನ್ ಸದ್ದು ನಿಲ್ಲಲಿಲ್ಲ. ಪರಿಶೀಲನೆ ಮುಗಿದ 17ರಿಂದ 19ರ ಮಧ್ಯಾಹ್ನದವರೆಗೆ ನಮ್ಮ ಮೂವರೂ ಎಲ್ಲಿದ್ದರು ಅಂತ ಮಾತ್ರ ಕೇಳಬೇಡಿ. ಮುಂದಿನ ಸಲಕ್ಕೂ ಬೇಕು.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದ್ದೆ. ಹಾಲಿನ ಡೇರಿಯಲ್ಲಿ ಬಿಸ್ಕತ್ ಡಬ್ಬಿ ಇಟ್ಟು, "ಓಟು ಬೇಕಾ, ಅವಿರೋಧ ಸಾಕಾ?" ಅಂತ ಚೀಟಿ ಹಾಕಿಸಿದೆ. ನೂರ ನಲವತ್ತು ಚೀಟಿ ಬಿದ್ದಿರಬಹುದು. ನೂರಕ್ಕಿಂತ ಜಾಸ್ತಿ ಓಟು ಬೇಕು ಅಂದವು. ಹತ್ತರಲ್ಲಿ ಹಾಲಿನ ದರದ ಬೈಗುಳ! ಹಿರಿಯರ ಮುಂದೆ ಆ ಡಬ್ಬಿಯನ್ನು ಸುಮ್ನೆ ಅಲ್ಲಾಡಿಸಿದ್ದೇ ಕೆಲಸಕ್ಕೆ ಬಂತು.

ನೋಟಾ (ಯಾರಿಗೂ ನನ್ನ ಓಟಿಲ್ಲ ಅನ್ನುವ ಆಯ್ಕೆ) ಇದೆಯಲ್ಲ ಅನ್ನುವವರಿಗೆ: ಒಬ್ಬನೇ ಉಳಿದರೆ ಮತದಾನವೇ ಇಲ್ಲ, ನೋಟಾ ಎಲ್ಲಿಂದ ಬರುತ್ತೆ? 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲೂ ಆಗಿದ್ದು ಇದೇ. ಹೀಗೆ ದುಡ್ಡು ಕೊಟ್ಟವರಿಗೆ ಸೀಟು ಹರಾಜು ಹಾಕಿದರೆ ಕೇಸು ಅಂತ 2020ರಲ್ಲಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿತ್ತು. ಆದರೂ ಆ ಸಲ ರಾಜ್ಯದಲ್ಲಿ ಸುಮಾರು 8 ಸಾವಿರ ಸದಸ್ಯರು ಅವಿರೋಧವಾಗಿ ಬಂದರು. ಎಲ್ಲವೂ ಹರಾಜಲ್ಲ, ನಿಜವಾದ ಒಮ್ಮತವೂ ಇರುತ್ತದೆ. ನಮ್ಮೂರಿನದು ಅಂಥದ್ದಲ್ಲ, ಅಷ್ಟೇ.

ಒಟ್ಟು ಖರ್ಚು ಹನ್ನೊಂದು ಸಾವಿರದ ಆಸುಪಾಸು. ಠೇವಣಿ ಏನೂ ಅಲ್ಲ, ಆಗ ಸಾಮಾನ್ಯರಿಗೆ 200, ಮಹಿಳೆಯರಿಗೆ 100 ರೂಪಾಯಿ ಇತ್ತು. ದುಡ್ಡು ತಿಂದದ್ದು ತಾಲೂಕು ಕಚೇರಿ ಓಡಾಟ, ಜೆರಾಕ್ಸ್, ಆಟೋ.

27ಕ್ಕೆ ಮತದಾನ. 32 ವರ್ಷದ ನನ್ನ ತಂಗಿಗೆ ಅದು ಮೊದಲ ಪಂಚಾಯಿತಿ ಓಟು. ಮತಪತ್ರ ಕೈಗೆ ಕೊಟ್ಟರೆ "ಬಟನ್ ಎಲ್ಲಿ ಸಾರ್?" ಅಂದಳಂತೆ. 30ಕ್ಕೆ ಎಣಿಕೆ. ಹೊಲಿಗೆ ಅಕ್ಕ ಹದಿನೇಳೋ ಹದಿನೆಂಟೋ ಓಟಿನಿಂದ ಗೆದ್ದರು. ಉಳಿದ ಇಬ್ಬರು ಸೋತರು.

ಆ ಸಲ ಯಾರೂ ಗುಡಿಗೆ ದುಡ್ಡು ಕೊಡಲಿಲ್ಲ. ಗೋಪುರಕ್ಕೆ ಇನ್ನೂ ಬಣ್ಣ ಆಗಿಲ್ಲ. ತೀರ್ಥ ಕೊಡುವಾಗ ಪೂಜಾರಪ್ಪ ಈಗಲೂ ನನ್ನ ಮುಖ ನೋಡೋದಿಲ್ಲ.